ಬೊಲೊನ್ಯಾದಲ್ಲಿ ಹಾಲುಕ್ಕಿದ್ದು

ಗುರುದೇವಿಯ ಕೆಲಸವೇ ಕೆಡುಕನ್ನು ಊಹಿಸುವುದು. ಅಮೆರಿಕದ ಟ್ರಾಯ್‌ ಊರಿನಲ್ಲಿ, ಕಾರಿನ ಬ್ರೇಕ್ ಮಾಡುವ ಒಂದು ಕಂಪನಿಯಲ್ಲಿ ಕೂತು, ಯಾವ ಭಾಗ ಯಾವಾಗ ಹೇಗೆ ಕೈಕೊಡಬಹುದೆಂದು ಹದಿನೆಂಟು ವರ್ಷದಿಂದ ಪಟ್ಟಿ ಮಾಡುತ್ತ ಬಂದವಳು. ಆದರೆ ಮಗಳು ಶರಣ್ಯಾ ಬೇಸಿಗೆಯ ಕೋರ್ಸಿಗೆಂದು ಇಟಲಿಯ ಬೊಲೊನ್ಯಾಕ್ಕೆ ಹೋಗಿ, ವಿದ್ಯಾರ್ಥಿಗಳ ಹಳೇ ಅಪಾರ್ಟ್‌ಮೆಂಟಿನಲ್ಲಿ ರೂಮು ಹಿಡಿದಾಗ ಆ ಬುದ್ಧಿಯೆಲ್ಲ ಎಲ್ಲಿ ಹೋಯಿತೋ. ಎರಡೇ ತಿಂಗಳಾದರೇನು, ಮನೆ ಮನೆಯೇ, ಹಾಲುಕ್ಕಿಸದೆ ಅಲ್ಲಿ ಅನ್ನ ಬೇಯಿಸಕೂಡದು ಎಂದು ಹಟ ಹಿಡಿದಳು. ಇಟಲಿಯ ಗಡಿಯಾರಕ್ಕೆ ರಾಹುಕಾಲ ನೋಡಿ, ಶನಿವಾರ ಅಲ್ಲಿ ಮಧ್ಯಾಹ್ನ ಎರಡು, ಇಲ್ಲಿ ಬೆಳಿಗ್ಗೆ ಎಂಟು ಎಂದು ಗೊತ್ತುಮಾಡಿದಳು.

ಹೊತ್ತಿಗೆ ಸರಿಯಾಗಿ ವಿಡಿಯೊ ಕಾಲ್ ಬಂತು. ಶರಣ್ಯಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದಳು. ಹಳೆಯ ಗ್ಯಾಸ್ ಒಲೆ, ಅದರ ಮೇಲೆ ಹಾಲಿನ ಪುಟ್ಟ ಪಾತ್ರೆ, ಪಕ್ಕದಲ್ಲಿ ಬೀಗದ ಕೈ, ಲೈಟರ್ ಕಾಣುತ್ತಿದ್ದವು.

"ಉರಿ ಸಣ್ಣ ಮಾಡಬ್ಯಾಡ, ಉಕ್ಕಲಿ," ಎಂದಳು ಗುರುದೇವಿ.

"ಮಮ್ಮಿ, ಪ್ಲೀಸ್, ಯೂ ಆರ್ ಶೌಟಿಂಗ್. ಈ ಗೋಡಿ ಹಿಂದನ ಚಿಯಾರಾ ಮಲಗ್ಯಾಳ." ಶರಣ್ಯಾ ವಾಲ್ಯೂಮ್ ಇಳಿಸಿದಳು. ಚಿಯಾರಾ ಅವಳ ರೂಮ್‌ಮೇಟ್, ರಾತ್ರಿಯಿಡೀ ಬೇಕರಿಯಲ್ಲಿ ದುಡಿದು ಹಗಲು ಮಲಗುವ ಹುಡುಗಿ.

ಇಳಕಲ್ಲಿನಲ್ಲಿ ಅಪ್ಪನ ಹಿಟ್ಟಿನ ಗಿರಣಿಯ ಸದ್ದಿನ ನಡುವೆ ಬೆಳೆದ ಗಂಟಲು ಗುರುದೇವಿಯದು. ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಅಂಗಡಿಯಲ್ಲಿ, ಪೇರೆಂಟ್ಸ್ ಮೀಟಿಂಗಿನಲ್ಲಿ ಆ ದನಿಯನ್ನು ತಗ್ಗಿಸಿ ತಗ್ಗಿಸಿ ಅವಳಿಗೆ ಸಾಕಾಗಿತ್ತು. ಈಗಲೂ ತಗ್ಗಿಸಿದಳು. "ಹಾಲು ಕಾಯೂತನಕಾ ಹೊಸ್ತಿಲಕ್ಕ ಅರಿಷಿಣ ಕುಂಕುಮ ಹಚ್ಚಿ ಬಾ."

"ಚಪ್ಪಲಿ ಅಡ್ಡ ಇಡ್ತೀನಿ. ಈ ಡೋರ್ ತಾನ ಲಾಕ್ ಆಗ್ತದ."

"ಹೊಸ್ತಿಲ ಮ್ಯಾಲೆ ಚಪ್ಪಲಿ ಯಾರಾರ ಇಡತಾರೇನ? ಕಾಲಿಲೆ ಒತ್ತಿ ಹಿಡಕೊ."

ಶರಣ್ಯಾ ಕಣ್ಣು ಮೇಲೆ ಮಾಡಿ, ಕುಂಕುಮದ ಪೊಟ್ಟಣ ಹಿಡಿದು ಹೋದಳು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಧಡ್ ಎಂದು ಬಾಗಿಲು ಬಿತ್ತು. ಹಿಂದೆಯೇ ಬಾಗಿಲು ಬಡಿಯುವ ಸದ್ದು. ಬೀಗದ ಕೈ ಮಾತ್ರ ಒಲೆಯ ಪಕ್ಕದಲ್ಲೇ, ಗುರುದೇವಿಯ ಕಣ್ಣೆದುರಿಗೇ ಇತ್ತು.

ಹಾಲು ಏರಿತು. ಉಕ್ಕಿತು. ಸುತ್ತಲೂ ಸುರಿದು ಉರಿಯನ್ನು ನುಂಗಿತು. ಒಲೆ ಆರಿದ ಮೇಲೂ, ಫೋನಿಗೆ ಕಿವಿ ಒತ್ತಿದರೆ, ಸುಂಯ್ ಎನ್ನುವ ಸದ್ದು ನಿಂತಿರಲಿಲ್ಲ.

ಗ್ಯಾಸ್ ಸೋರುತ್ತಿದೆ ಎಂದು ಗುರುದೇವಿಗೆ ತಿಳಿಯಿತು. ಗೋಡೆಯಾಚೆ ಯಾರದೋ ಮಗಳು ಮಲಗಿದ್ದಾಳೆ. ಅವಳ ನಂಬರು ತನ್ನಲ್ಲಿಲ್ಲ. ಶರಣ್ಯಾ ಬಡಿಯುತ್ತಿರುವ ಬಾಗಿಲು ಎಲ್ಲೋ ಆ ತುದಿಗಿದೆ, ಆ ಹುಡುಗಿಗೆ ಹತ್ತಿರವಿರುವುದು ಈ ಫೋನೊಂದೇ. ಮೊದಲ ಸಲ ಕೂಗಿದಾಗ ದನಿ ಅಭ್ಯಾಸಬಲದಿಂದ ಅರ್ಧಕ್ಕೇ ನಿಂತಿತು. ಎರಡನೆಯ ಸಲ, ಗಿರಣಿ ಓಡುತ್ತಿರುವಾಗ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದಳಲ್ಲ, ಹಾಗೆ ಹೊಟ್ಟೆಯಿಂದ ಕೂಗಿದಳು. ಚಿಯಾರಾ, ಏಳವ್ವಾ, ಚಿಯಾರಾ ಎಂದು ಉಸಿರು ಕಟ್ಟುವವರೆಗೆ ಕೂಗಿದಳು. ಹೊರಗೆ ಹುಲ್ಲು ಕತ್ತರಿಸುತ್ತಿದ್ದ ನೆರೆಮನೆಯವನು ಮಷಿನ್ ನಿಲ್ಲಿಸಿ ಇತ್ತ ನೋಡಿದ. ನೋಡಲಿ.

ಐದು ನಿಮಿಷವಾಯಿತು. ಗಂಟಲು ಹರಿಯುವಂತಾಯಿತು. ಆಗ ತಲೆ ಕೆದರಿದ ಹುಡುಗಿಯೊಬ್ಬಳು ಸಿಡುಕು ಮುಖದಲ್ಲಿ, ಅರೆಗಣ್ಣಿನಲ್ಲಿ ಬಂದು ನಿಂತಳು. ಅವಳ ತುಟಿಯಲ್ಲಿ ಸಿಗರೇಟು. ಕೈ ಲೈಟರಿನ ಕಡೆಗೆ ಹೋಯಿತು.

"ಬ್ಯಾಡ," ಎಂದು ಚೀರಿದಳು ಗುರುದೇವಿ. "ಗ್ಯಾಸ್. ಗ್ಯಾಸ್."

ಆ ಒಂದು ಶಬ್ದ ಹುಡುಗಿಗೂ ಗೊತ್ತಿತ್ತು. ಮೂಗರಳಿಸಿದಳು, ಲೈಟರ್ ಬಿಟ್ಟಳು, ಒಲೆಯ ಗುಂಡಿ ತಿರುಗಿಸಿ ಕಿಟಕಿ ತೆರೆದು ಬಾಗಿಲಿಗೆ ಓಡಿದಳು.

ಶರಣ್ಯಾ ಫೋನಿನ ಮುಂದೆ ಬಂದಾಗ ಅವಳ ಬೆರಳೆಲ್ಲ ಕುಂಕುಮ. ಹಾಲು, ಹೊಸ್ತಿಲು, ಚಪ್ಪಲಿ, ಮೂರೂ ತನ್ನದೇ ಹಟ. ತಪ್ಪಾಯಿತು ಮಗಳೇ ಎನ್ನಲು ಗುರುದೇವಿ ಬಾಯಿ ತೆರೆದಳು.

"ಮಮ್ಮಿ, ಏನೂ ಕೇಳಸವಲ್ದು." ಶರಣ್ಯಾ ವಾಲ್ಯೂಮ್ ಒತ್ತಿದಳು, ಕೊನೆಯವರೆಗೂ ಒತ್ತಿದಳು. "ಜೋರ್ ಮಾತಾಡು, ಪ್ಲೀಸ್."

ಗುರುದೇವಿಯ ಗಂಟಲಿನಿಂದ ಬರೀ ಗಾಳಿ ಹೊರಟಿತು.