ಪಟ್ಟಿಯಲ್ಲಿ ಮುಂದಿನವನು

ಗುರುವಾರ ಸಂಜೆ ಐದಾಯಿತೆಂದರೆ ಬೈಂಡರ್ ಮಾಮ ಅಂಟಿನ ಕುಂಚವನ್ನು ನೀರಿನ ಡಬ್ಬಿಯಲ್ಲಿ ಅದ್ದಿಟ್ಟು, ಕೈ ಒರೆಸಿಕೊಂಡು, ಸತ್ತವನಿಗೆ ಫೋನ್ ಮಾಡುತ್ತಿದ್ದ.

ಶುರುವಾದದ್ದು ಕೈತಪ್ಪಿನಿಂದ. ಸೇವಾ ಕ್ಲಬ್ಬಿನಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಯಾವ ಆಸ್ಪತ್ರೆಗೆ ಹಣ್ಣು, ಯಾವ ಶಾಲೆಗೆ ಬಣ್ಣ, ಯಾರ ಮನೆಯಲ್ಲಿ ಚಹಾಕೂಟ ಎಂಬ ವಾರದ ಸುದ್ದಿಯನ್ನು ಒಬ್ಬರು ಪಟ್ಟಿಯಲ್ಲಿ ಮುಂದಿನವರಿಗೆ ಫೋನಿನಲ್ಲಿ ಓದಿ ಹೇಳಬೇಕು. ಅವರು ತಮ್ಮ ಮುಂದಿನವರಿಗೆ. ಮಾಮನ ಮುಂದಿನವನು ಉದ್ದಣ್ಣ. ಕಟ್ಟಡಗಳ ನಕ್ಷೆ ಬರೆಯುವವನು. ಮಾಮನ ಬೈಂಡಿಂಗ್ ಅಂಗಡಿಯ ಬಾಗಿಲಲ್ಲಿ ಬಗ್ಗದೆ ಒಂದು ದಿನವೂ ಒಳಗೆ ಬಂದವನಲ್ಲ. ಅವನು ಹೋದ ಮೇಲೆ ಆ ಪದ್ಧತಿಯೂ ನಿಂತಿತು, ಸುದ್ದಿಯೆಲ್ಲ ಮೊಬೈಲ್ ಗ್ರೂಪಿಗೆ ಬಂತು. ಆದರೆ ಹನ್ನೊಂದು ವರ್ಷದ ಅಭ್ಯಾಸ ಬೆರಳಿಗಿತ್ತು. ತಲೆಗೆ ಹೊಳೆಯುವಷ್ಟರಲ್ಲಿ ಆ ಕಡೆ ರಿಂಗ್ ಆಗಿ, ಯಾರೋ ಎತ್ತಿಯೂ ಆಗಿತ್ತು. ಮಾತಿಲ್ಲ, ಬರೀ ಉಸಿರು. ಏನೂ ತೋಚದೆ ಗ್ರೂಪಿನ ಸುದ್ದಿಯನ್ನೇ ಗಡಗಡ ಓದಿಬಿಟ್ಟ.

"ಹ್ಞೂಂ," ಅಂದಿತು ಆ ಕಡೆ.

ಮುಂದಿನ ಗುರುವಾರ ತಡೆದುಕೊಳ್ಳಲಾಗಲಿಲ್ಲ. ಆಮೇಲೆ ಇಪ್ಪತ್ತು ಗುರುವಾರ ಕಳೆದವು. ಎತ್ತುವವರು ಆ ಮನೆಯವರೇ ಯಾರೋ ಎಂದು ಅವನಿಗೆ ಗೊತ್ತಿಲ್ಲದೆ ಇಲ್ಲ. ಯಾರು ಅಂತ ಮಾತ್ರ ಕೇಳಲಿಲ್ಲ. ಕೇಳಿದರೆ ತಾನು ಯಾಕೆ ಮಾಡುತ್ತಿದ್ದೇನೆ ಅಂತ ಹೇಳಬೇಕಾಗುತ್ತಿತ್ತು.

ಉದ್ದಣ್ಣ ಸತ್ತ ಆ ಭಾನುವಾರ ಬೆಳಗ್ಗೆ ಅವನನ್ನು ಫೋನ್ ಮಾಡಿ ಕರೆದವನು ಮಾಮನೇ. ಶಾಲೆಯ ಗೋಡೆಗೆ ಬಣ್ಣ ಬಳಿಯಲು ಒಬ್ಬರು ಕಮ್ಮಿ ಬಿದ್ದಿದ್ದರು.

"ಮೈ ಬಿಸಿ ಇದೆ ಮಾಮ."

"ನಿನ್ನ ಎತ್ತರಕ್ಕೆ ಜ್ವರ ತಲೆಗೇರೋಕೆ ಎರಡು ದಿನ ಬೇಕು, ಬಾರೋ!"

ಮಾಮ ತನ್ನ ಮಾತಿಗೆ ತಾನೇ ನಕ್ಕಿದ್ದ. ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಎಷ್ಟು ಗಂಟೆಗೆ?"

ಏಳಕ್ಕೆ ಬಂದ. ಹನ್ನೊಂದಕ್ಕೆ ಏಣಿಯ ತುದಿಯಲ್ಲಿ ತಲೆ ಸುತ್ತಿ ಬಿದ್ದ. ಗೋಡೆ ಈಗಲೂ ಅರ್ಧ ನೀಲಿ, ಅರ್ಧ ಸುಣ್ಣ.

ಏಣಿಗಿಂತ ಹೆಚ್ಚಾಗಿ ಮಾಮನನ್ನು ಕಾಡಿದ್ದು ಆ ನಡುವಿನ ಮೌನ. ಹೊಲಿಗೆಯ ದಾರ ಎಳೆಯುವಾಗ, ಪ್ರೆಸ್ಸಿನ ತಿರುಪು ಬಿಗಿಯುವಾಗ ಅದು ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ಆಗಲ್ಲ ಅನ್ನುವುದರಲ್ಲಿದ್ದನೇ? ತನ್ನ ನಗು ಅವನ ಬಾಯಿ ಕಟ್ಟಿತೇ?

ಸೋಮವಾರ ಕ್ಲಬ್ಬಿನ ಕಾರ್ಯದರ್ಶಿ, ಹಲ್ಲಿನ ಡಾಕ್ಟರಮ್ಮ, ಅಂಗಡಿಗೇ ಬಂದಳು.

"ಮುಂದಿನ ಶನಿವಾರ ವಾರ್ಷಿಕ ಊಟ. ಉದ್ದಣ್ಣನ ಫೋಟೋ ಎಲ್ಲ ಸೇರಿಸಿ ಒಂದು ಆಲ್ಬಮ್ ಕಟ್ಟಿ ಮಾಮ. ವೇದಿಕೆ ಮೇಲೆ ಅವನ ಹೆಂಡತಿ ಕೈಗೆ ನೀವೇ ಕೊಡಬೇಕು."

"ನನಗೆ ಮಂಡಿನೋವು ತಾಯಿ, ಮೆಟ್ಟಿಲು ಹತ್ತಕ್ಕಾಗಲ್ಲ."

"ಇರೋದೇ ಎರಡು ಮೆಟ್ಟಿಲು! ಹಲ್ಲು ಕೀಳಿಸ್ಕೊಳ್ಳೋಕೆ ಬಂದಾಗಲೂ ಹಿಂಗೇ ಆಡಿದ್ರಿ."

ಬುಧವಾರ ಮಧ್ಯಾಹ್ನ ಉದ್ದಣ್ಣನ ಹೆಂಡತಿ ಮನೆಯಲ್ಲಿದ್ದ ಫೋಟೋಗಳ ಒಂದು ಲಕೋಟೆ ಹಿಡಿದು ಬಂದಳು. ಕೂತ್ಕೋಮ್ಮ ಅಂದರೆ ಕೂರಲಿಲ್ಲ. ಮೇಜಿನ ಮೇಲೆ ಹರಡಿದ್ದ ಕ್ಲಬ್ಬಿನ ಫೋಟೋಗಳನ್ನು ಒಂದೊಂದಾಗಿ ನೋಡಿದಳು.

"ಯಾವುದರಲ್ಲೂ ಇವರ ತಲೆ ಪೂರ್ತಿ ಬಂದಿಲ್ಲ."

"ಮುಂದೆ ನಿಂತ್ಕೊಂಡು ಬಗ್ಗು ಅಂದ್ರೆ ಕೇಳ್ತಿರಲಿಲ್ಲ."

"ಇದನ್ನ ಅಂಟಿಸ್ತೀರಾ, ಹೊಲೀತೀರಾ?"

"ಹೊಲೀತೀನಿ. ಅಂಟು ಒಂದಲ್ಲ ಒಂದಿನ ಬಿಟ್ಕೊಳ್ಳುತ್ತೆ."

"ಹ್ಞೂಂ," ಅಂದಳು.

ಮಾಮನ ಕೈಯಲ್ಲಿದ್ದ ಸೂಜಿ ನಿಂತಿತು. ಇಪ್ಪತ್ತು ವಾರದಿಂದ ಕೇಳಿದ ಅದೇ ಹ್ಞೂಂ. ಈಗಲೇ ಹೇಳಿಬಿಡಬೇಕು ಅಂದುಕೊಂಡ. ದಾರಕ್ಕೆ ಮೇಣ ಸವರುತ್ತ ಕೂತ. ಅವಳು ಲಕೋಟೆಯಿಟ್ಟು ಹೊರಟುಹೋದಳು.

ಮರುದಿನ ಐದಕ್ಕೆ ಕುಂಚ ಡಬ್ಬಿಗೆ ಹೋಯಿತು, ಕೈ ಒರೆಸಿದ್ದಾಯಿತು. ಫೋನ್ ಮುಟ್ಟುವ ಧೈರ್ಯವಾಗಲಿಲ್ಲ. ಮುಖ ನೋಡಿದ ಮೇಲೆ ಆ ಉಸಿರಿಗೆ ಹೇಗೆ ಸುದ್ದಿ ಓದುವುದು? ಕತ್ತರಿಸಿದ ರಟ್ಟುಗಳನ್ನು ಸುಮ್ಮನೆ ಜೋಡಿಸುತ್ತ ಕೂತ.

ಐದೂ ಹತ್ತಕ್ಕೆ ರಟ್ಟಿನ ಮೇಲೆ ಫೋನು ನಡುಗಿತು. ಪರದೆಯ ಮೇಲೆ ಹೆಸರು: ಉದ್ದಣ್ಣ.

ಎತ್ತಿ ಕಿವಿಗಿಟ್ಟುಕೊಂಡ. ಬಾಯಿಂದ ಹೊರಟದ್ದು ಒಂದೇ.

"ಹ್ಞೂಂ."

"ಇವತ್ತು ನೀವು ಮಾಡಲಿಲ್ಲ," ಅಂದಳು ಅವಳು.

ಮಾಮ ಕೈಯಲ್ಲಿದ್ದ ರಟ್ಟನ್ನು ಕೆಳಗಿಟ್ಟ.

"ಅವತ್ತು ನೀವು ಕರೆದಾಗ ನಾನು ಪಕ್ಕದಲ್ಲೇ ಇದ್ದೆ. ಫೋನಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ನೋಡಿದ್ರು. ಹೋಗಬೇಡಿ ಅಂತ ನಾನು ಹೇಳ್ತೀನಿ ಅಂದ್ಕೊಂಡಿದ್ರು. ಹೋಗಿ ಅಂದೆ. ಒಂದು ಭಾನುವಾರ ಮನೆಯಲ್ಲಿ ಒಬ್ಬಳೇ ಇರಬೇಕು ಅನ್ನಿಸಿತ್ತು ಮಾಮ. ಈಗ ದಿನಾ ಇದೀನಿ."

ರಸ್ತೆಯಲ್ಲಿ ಒಂದು ಲಾರಿ ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು.

"ನಾನು ನಕ್ಕೆನಲ್ಲಮ್ಮ," ಅಂದ ಮಾಮ. "ಜ್ವರ ಅಂದ್ರೆ ನಕ್ಕೆ."

"ಕೇಳಿಸ್ತು. ಅವರೂ ನಕ್ಕರು."

ಇದು ಮಾಮನಿಗೆ ಗೊತ್ತಿರಲಿಲ್ಲ.

"ಈ ವಾರದ್ದು ಓದಿ," ಅಂದಳು.

ಮಾಮ ಕನ್ನಡಕ ಹುಡುಕಿ ಹಾಕಿಕೊಂಡ. ಮುಂದಿನ ಶನಿವಾರ ಸಂಜೆ ಸಭಾಂಗಣದಲ್ಲಿ ಊಟ, ಎಲ್ಲರೂ ಮನೆಯವರ ಜೊತೆ ಬರಬೇಕು. ಈ ಭಾನುವಾರ ಶಾಲೆಯ ಗೋಡೆ, ಉಳಿದ ಅರ್ಧ. ಅಲ್ಲಿಗೆ ಬಂದು ದನಿ ನಿಂತಿತು. ಮುಂದಿನ ಸಾಲು ಕಣ್ಣೆದುರಿಗಿತ್ತು; ಬಾಯಿಗೆ ಬರಲೊಲ್ಲದು.

"ಓದಿ ಮಾಮ."

"ಒಬ್ಬರು ಕಮ್ಮಿ ಇದ್ದಾರೆ."

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಮಾಮ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಎಷ್ಟು ಗಂಟೆಗೆ?"

"ಏಳಕ್ಕೆ," ಅಂದ. ಅವಳು ಇಟ್ಟುಬಿಡುವ ಮೊದಲು ಅವಸರವಾಗಿ ಸೇರಿಸಿದ: "ಮೈ ಬಿಸಿ ಇದ್ರೆ ಬರಬೇಡಮ್ಮ."