ಹಾವೇರಿ ಸ್ಟ್ಯಾಂಡಿನಲ್ಲಿ ಐವತ್ತು ನಿಮಿಷ

ಡ್ರೈವರ್ ಲಕ್ಕಪ್ಪನ ಹೊಟ್ಟೆ ಬಸ್ಸಿನ ಸ್ಟೇರಿಂಗಿಗೆ ತಾಗತೊಡಗಿ ಎರಡು ವರ್ಷವಾಗಿತ್ತು. ತಾಗಿದಾಗಲೆಲ್ಲ ಅವನು ಸೀಟನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದ. ಸಾವಿರದ ಒಂಬೈನೂರ ತೊಂಬತ್ತರ ಮಳೆಗಾಲದ ಹೊತ್ತಿಗೆ ಸೀಟು ಸರಿಯುವಷ್ಟು ಸರಿದು ನಿಂತುಬಿಟ್ಟಿತು. ರಾಣೆಬೆನ್ನೂರಿನ ಮೆಕ್ಯಾನಿಕ್ ಸೋಮಪ್ಪ ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಳ್ಳುತ್ತ ಹೇಳಿದ:

"ಇದು ಇನ್ನ ಹಿಂದ ಹೋಗೂದಿಲ್ಲಣ್ಣ. ಇನ್ನ ನೀವು ಮುಂದ ಬರೂದನ್ನ ನಿಲ್ಲಿಸ್ಬೇಕು."

ಸುತ್ತ ಇದ್ದವರು ನಕ್ಕರು. ಲಕ್ಕಪ್ಪನೂ ನಕ್ಕ. ಆದರೆ ಅದೇ ವಾರ ಬಾಯಿ ಒಣಗುವುದು, ದಾರಿಯಲ್ಲಿ ಎರಡೆರಡು ಸಲ ಬಸ್ಸು ನಿಲ್ಲಿಸಿ ಬೇಲಿ ಕಡೆ ಹೋಗುವುದು ಹೆಚ್ಚಾಯಿತು. ಆರು ವರ್ಷದಿಂದ ಅವನ ಜೊತೆಗೇ ಡ್ಯೂಟಿ ಮಾಡುತ್ತಿದ್ದ ಕಂಡಕ್ಟರ್ ಫಕ್ಕೀರಸಾಬ ಬಿಡಲಿಲ್ಲ; ಕೈ ಹಿಡಿದು ಸ್ಟೇಶನ್ ರೋಡಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಕ್ಕರಿ ಕಾಯಿಲೆ ಐತಿ ಲಕ್ಕಪ್ಪ. ಗುಳಿಗಿ ಕೊಡ್ತೀನಿ, ಆದ್ರ ಗುಳಿಗಿ ಒಂದರಿಂದ ಆಗೂದಲ್ಲ ಇದು. ದಿನಾ ನಡೀಬೇಕು. ಕರದದ್ದು, ಸಿಹಿ ಬಿಡ್ಬೇಕು. ನಾಳೆ ಇದು ಕಣ್ಣಿಗೆ ತ್ರಾಸು ಕೊಡ್ತಂದ್ರ ಸ್ಟೇರಿಂಗ್ ಹಿಡಿಯೂದು ಬಂದ್ ಆಗತೈತಿ. ಆರು ತಿಂಗಳಿಗೆ ಮತ್ತ ಬಾ."

ಲಕ್ಕಪ್ಪನ ಕಿವಿಗೆ ಬಿದ್ದದ್ದು ಸ್ಟೇರಿಂಗಿನ ಮಾತೊಂದೇ. ನಲವತ್ತಾರು ವರ್ಷದ ಅವನಿಗೆ ಬಸ್ಸು ಓಡಿಸುವುದು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ.

ತೊಂದರೆ ಇದ್ದದ್ದು ಅವನ ರೂಟಿನಲ್ಲೇ. ರಾಣೆಬೆನ್ನೂರಿನಿಂದ ಬ್ಯಾಡಗಿ, ಬ್ಯಾಡಗಿಯಿಂದ ಹಾವೇರಿ, ಮತ್ತೆ ವಾಪಸ್ಸು. ಹನ್ನೊಂದು ವರ್ಷ ಅದೇ ದಾರಿಯಲ್ಲಿ ಓಡಾಡಿದವನನ್ನು ಜನ ಮನೆಯವನಂತೆ ತಿನ್ನಿಸುತ್ತಿದ್ದರು. ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಬೆಳಗಿನ ಚಹಾದ ಜೊತೆ ಖಾರಾ ಮಂಡಕ್ಕಿ. ಬ್ಯಾಡಗಿಯಲ್ಲಿ ದೇವವ್ವನ ಅಂಗಡಿಯ ಮಿರ್ಚಿ ಭಜಿ. ಬಸ್ಸು ನಿಲ್ಲುತ್ತಲೇ ಪೇಪರಿನಲ್ಲಿ ಸುತ್ತಿದ ನಾಲ್ಕು ಬಿಸಿ ಮಿರ್ಚಿ ಕಿಟಕಿಯೊಳಗೆ ಬರುತ್ತಿದ್ದವು. ಹಾವೇರಿಯ ಹೋಟೆಲಿನಲ್ಲಿ ಅವನ ತಟ್ಟೆಗೆ ಕೇಳದೆಯೇ ಎರಡು ಪೂರಿ ಜಾಸ್ತಿ. ನಡುವೆ ಯಾರಿಗಾದರೂ ಮಗ ಹುಟ್ಟಿದ್ದರೆ, ಯಾರಾದರೂ ಮೆಟ್ರಿಕ್ ಪಾಸಾಗಿದ್ದರೆ ಪೇಢೆ. ಇಷ್ಟೂ ಆದ ಮೇಲೆ ಮನೆಯಲ್ಲಿ ಹೆಂಡತಿ ದುರಗವ್ವನ ಕೈಯೂಟ.

ಡಾಕ್ಟರರ ಮಾತು ಕೇಳಿ ದುರಗವ್ವನ ಕಣ್ಣು ತುಂಬಿದವು.

"ಅಂದ್ರ ಇಷ್ಟು ವರ್ಷ ನಾ ಬಡಿಸಿದ್ದ ತಪ್ಪಾತೇನ್ರಿ?"

"ನೀ ಬಡಿಸಿದ್ದು ತಪ್ಪಲ್ಲ. ನಾ ಸಾಕು ಅನ್ನಲಿಲ್ಲ, ಅದು ತಪ್ಪು."

ಮರುದಿನದಿಂದ ಅವಳು ಬೇರೆಯೇ ಹೆಂಗಸಾದಳು. ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಗುಡ್ಡದಷ್ಟು ಮೆಂತ್ಯ ಪಲ್ಲೆ, ಹೆಸರುಕಾಳು, ಹಸಿ ಮೂಲಂಗಿ. ಲಕ್ಕಪ್ಪ ರೊಟ್ಟಿ ಬುಟ್ಟಿಗಾಗಿ ಅತ್ತಿತ್ತ ನೋಡಿದರೆ ಒಳಗಿನಿಂದಲೇ ದನಿ ಬರುತ್ತಿತ್ತು: "ಹುಡುಕಬ್ಯಾಡ್ರಿ. ಎತ್ತಿಟ್ಟೇನಿ."

ನಡಿಗೆ ಮಾತ್ರ ಅಷ್ಟು ಸುಲಭವಾಗಲಿಲ್ಲ. ಮೊದಲ ದಿನ ಬೆಳಗಿನ ಐದಕ್ಕೇ ಎದ್ದು ಲಗುಬಗೆಯಿಂದ ಹೊರಟವನನ್ನು ಕಂಡು ಹಾಲಿನ ಮಲ್ಲಿಕಸಾಬ ಸೈಕಲ್ಲಿನಿಂದ ಇಳಿದ. "ಯಾರರ ತೀರ್ಕೊಂಡ್ರೇನ್ರಿ?" ಎಂದು ಮೆಲ್ಲಗೆ ಕೇಳಿದ. ಯಾರೂ ಸತ್ತಿಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಂಬಲಿಲ್ಲ. ಸಂಜೆ ಮನೆಗೇ ಬಂದು ದುರಗವ್ವನನ್ನು ವಿಚಾರಿಸಿದ. ಎರಡನೆಯ ದಿನ ಪರಿಚಯದವನೊಬ್ಬ ಲೂನಾ ಮೊಪೆಡ್ಡು ನಿಲ್ಲಿಸಿ ಹತ್ತಿಸಿಕೊಳ್ಳದೆ ಬಿಡಲಿಲ್ಲ. ಮೂರನೆಯ ದಿನ ರೈಲು ಗೇಟಿನ ತನಕ ನಾಲ್ಕು ನಾಯಿಗಳು ಬೆನ್ನು ಹತ್ತಿದವು. ಆವತ್ತು ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ವ್ಯಾಯಾಮವಾಯಿತು. ಆರೂವರೆಗೆ ಡ್ಯೂಟಿ ಹತ್ತುವವನಿಗೆ ಇದರಿಂದ ಮಧ್ಯಾಹ್ನದ ಹೊತ್ತಿಗೆ ಆಕಳಿಕೆ ಬರತೊಡಗಿತು.

"ಹಿಂಗ ಆಕಳಿಸಿದ್ರ ನಮ್ಮನ್ನೆಲ್ಲ ಕೆರಿಗೆ ಹಾಕ್ತೀರಿ," ಎಂದ ಫಕ್ಕೀರಸಾಬ. "ಹಾವೇರ್ಯಾಗ ಐವತ್ತು ನಿಮಿಷ ಹಾಲ್ಟ್ ಐತಿ. ಕುಂತು ಪೂರಿ ತಿನ್ನೂದರ ಬದಲಿ ಅಲ್ಲೇ ನಡೀರಿ. ನಾನೂ ಬರ್ತೀನಿ."

"ನಿನಗೇನಾಗೈತಿ?"

"ನನಗ ಈ ಬೀಡಿ ಬಿಡ್ಬೇಕಾಗೈತಿ. ಮನ್ಯಾಗ ಹೇಣ್ತಿ ದೌಲತಬಿ ಮಾತು ಬಿಟ್ಟಾಳ."

ಹೀಗೆ ಶುರುವಾಯಿತು. ಬಸ್ ಸ್ಟ್ಯಾಂಡಿನ ಹೊರಗೋಡೆಯ ಗುಂಟ ಒಂದು ಸುತ್ತಿಗೆ ಐದು ನಿಮಿಷ. ಆರು ಸುತ್ತು ಎಂದು ಲೆಕ್ಕ ಹಾಕಿಕೊಂಡರು. ಮೊದಲ ದಿನ ಎರಡನೆಯ ಸುತ್ತಿನಲ್ಲಿ ಹಿಂತಿರುಗಿ ನೋಡಿದರೆ ಗಂಟು ಹೊತ್ತ ಮೂವರು ಪ್ಯಾಸೆಂಜರುಗಳು ಏದುಸಿರು ಬಿಡುತ್ತ ಹಿಂದೆಯೇ ಬರುತ್ತಿದ್ದಾರೆ!

"ನೀವ್ಯಾಕ ಬರಾಕತ್ತೀರಿ?" ಲಕ್ಕಪ್ಪ ಕೇಳಿದ.

"ಡ್ರೈವರ್, ಕಂಡಕ್ಟರ್ ಇಬ್ಬರೂ ಹೊಂಟೀರಿ. ಬ್ಯಾಡಗಿ ಬಸ್ ಇವತ್ತ ಬ್ಯಾರೆ ಕಡೆ ನಿಂತೈತೇನೋ ಅಂತ ಬಂದ್ವಿ," ಎಂದ ಅವರಲ್ಲಿ ಹಿರಿಯನಾದವನು, ಗಂಟು ಕೆಳಗಿಟ್ಟು.

ಅಂದಿನಿಂದ ಫಕ್ಕೀರಸಾಬ ನಡೆಯುವ ಮೊದಲು ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಿದ್ದ: "ಎಲ್ಲಾರೂ ಕುಂದ್ರಿ! ಡ್ರೈವರ್ ಸಾಹೇಬ್ರು ಹೊಟ್ಟಿ ಇಳಿಸಿಕೊಂಡು ಬರ್ತಾರ."

ಎಲ್ಲಕ್ಕಿಂತ ಕಷ್ಟವಾದದ್ದು ದೇವವ್ವನಿಗೆ ಬೇಡ ಎನ್ನುವುದು. ಲಕ್ಕಪ್ಪನಿಗಿಂತ ಹತ್ತು ವರ್ಷ ದೊಡ್ಡವಳಾದ ಅವಳು ಅವನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು.

"ಯಕ್ಕಾ, ಇನ್ನ ಮ್ಯಾಲೆ ಮಿರ್ಚಿ ಬ್ಯಾಡ."

"ಯಾಕೋ ತಮ್ಮಾ? ನನ್ನ ಎಣ್ಣಿ ಕೆಟ್ಟೈತಿ ಅಂತ ಯಾವಾಕಿ ಹೇಳಿದ್ಲು?"

"ಎಣ್ಣಿ ಛಲೋ ಐತಿ. ನಾ ಕೆಟ್ಟೇನಿ. ಸಕ್ಕರಿ ಕಾಯಿಲೆ ಬಂದೈತಿ."

"ಮಿರ್ಚ್ಯಾಗ ಸಕ್ಕರಿ ಎಲ್ಲೈತೋ!" ಎಂದು ಅವಳು ಸೆರಗು ಕೊಡವಿ ಒಳಗೆ ಹೋದಳು. ಒಂದು ವಾರ ಬಸ್ಸು ಬಂದರೂ ತಲೆ ಎತ್ತಿ ನೋಡಲಿಲ್ಲ.

ಆದರೂ ಎರಡು ತಿಂಗಳಲ್ಲಿ ಲಕ್ಕಪ್ಪನ ಪ್ಯಾಂಟು ಸಡಿಲಾಯಿತು. ಸೀಟು ಒಂದಿಷ್ಟು ಮುಂದಕ್ಕೆ ಬಂತು. ಸೋಮಪ್ಪನನ್ನು ಕರೆದು ತೋರಿಸಿದ್ದೂ ಆಯಿತು. ಫಕ್ಕೀರಸಾಬನ ಬೀಡಿಯೂ ನಿಂತಿತು.

ದಸರೆ ಮುಗಿದ ಮೇಲೆ ಐರಣಿಯಲ್ಲಿ ತಂಗಿಯ ಬಸಿರಿ ಮಗಳಿಗೆ ಕುಬುಸ ಮಾಡುವ ಕಾರ್ಯ ಬಂತು. ಸೋದರಮಾವ ಇಲ್ಲದೆ ನಡೆಯುವ ಕಾರ್ಯವಲ್ಲ. ಲಕ್ಕಪ್ಪ ಒಂದೇ ಹೋಳಿಗೆ ಎಂದು ಕುಳಿತ. ತಂಗಿ ಒಂದು ಬಡಿಸಿದಳು, ಬೀಗರು ಒಂದು ಬಡಿಸಿದರು, ಬಸಿರಿ ಹುಡುಗಿಯೇ ಎದ್ದು ಬಂದು "ನನ್ನ ಕೈಯಿಂದ ಒಂದು ಮಾವಾ" ಎಂದಳು. ಏಳನೆಯದರ ಮೇಲೆ ತುಪ್ಪ ಬೀಳುವಾಗ ಅವನು ಎಣಿಸುವುದನ್ನೇ ಬಿಟ್ಟಿದ್ದ. ಊಟದ ಭಾರಕ್ಕೆ ಹೊಳೆಯ ಕಡೆ ತಿರುಗಾಡಿ ಬರೋಣವೆಂದು ಹೋದವನು ಒದ್ದೆ ಮೆಟ್ಟಿಲ ಮೇಲೆ ಜಾರಿದ. ಪಾದದ ಕೀಲು ಉಳುಕಿ ಕುಂಬಳಕಾಯಿಯಂತೆ ಬಾತಿತು.

ಮೂರು ವಾರ ಮನೆಯಲ್ಲಿ ಮಲಗಬೇಕಾಯಿತು. ನೋಡಲು ಬಂದವರು ಬರಿಗೈಯಲ್ಲಿ ಬರಲಿಲ್ಲ. ಬಾಳೆಹಣ್ಣು, ಬಿಸ್ಕೀಟು, ಬೇಸನ್ ಉಂಡಿ. ದುರಗವ್ವ ಎತ್ತಿಟ್ಟದ್ದನ್ನು ಅವನು ಕುಂಟುತ್ತ ಹೋಗಿ ಹುಡುಕಿ ತಿಂದ. ಹಾಸಿಗೆಯಲ್ಲಿ ಬಿದ್ದ ಮನುಷ್ಯನಿಗೆ ಬೇರೆ ಸುಖವಾದರೂ ಏನಿದೆ ಎಂದು ತನಗೆ ತಾನೇ ಹೇಳಿಕೊಂಡ.

ಮತ್ತೆ ಡ್ಯೂಟಿಗೆ ಬಂದಾಗ ಫಕ್ಕೀರಸಾಬ ಹಾವೇರಿಯಲ್ಲಿ ಎಂದಿನಂತೆ ಇಳಿದು ನಿಂತ.

"ಬರ್ರಿ ಅಣ್ಣಾ."

"ಕಾಲು ಇನ್ನೂ ನೋಯಾಕತ್ತೈತಿ. ನೀ ಹೋಗು."

ಎರಡು ದಿನ ಅದು ಖರೆಯೇ ಇತ್ತು. ಆಮೇಲೆ ನೋವು ಹೋಯಿತು, ಮಾತು ಉಳಿಯಿತು. ಲಕ್ಕಪ್ಪ ಸೀಟಿನಲ್ಲೇ ಕುಳಿತು ಹೊರಗೆ ನೋಡುತ್ತಿದ್ದ. ಬ್ಯಾಡಗಿಯಲ್ಲಿ ತಾನೇ ಇಳಿದು ದೇವವ್ವನ ಅಂಗಡಿಗೆ ಹೋಗಿ ಎರಡು ಮಿರ್ಚಿ ಕೇಳಿ ತಿಂದ. ಅವಳಿಗೆ ಸಂತೋಷವಾಯಿತು, ಅವನಿಗೆ ಮೊದಲಿನ ರುಚಿ ಸಿಗಲಿಲ್ಲ. ತಿಂದು, ಬಾಯಿ ಒರೆಸಿಕೊಂಡು, ಫಕ್ಕೀರಸಾಬ ನೋಡಿದನೋ ಏನೋ ಎಂದು ಕಳ್ಳನ ಹಾಗೆ ತಿರುಗಿ ನೋಡುವುದು ಅವನಿಗೇ ಹಿಡಿಸಲಿಲ್ಲ.

ಹೀಗಿರುವಾಗ ಒಂದು ದಿನ ಮೋಟೆಬೆನ್ನೂರಿನಲ್ಲಿ ಮೈಲವ್ವ ಎಂಬ ಮುದುಕಿ ಇಳಿದುಹೋದಳು. ಬಸ್ಸು ಮುಂದೆ ಹೋಗುತ್ತಿದ್ದಂತೆ ಮೊದಲ ಸೀಟಿನ ಕೆಳಗೆ ಕೋಳಿ ಕೊಕ್ ಕೊಕ್ ಎಂದಿತು. ಎರಡು ಹೇಂಟೆ ಇದ್ದ ಬುಟ್ಟಿಯನ್ನು ಅವಳು ಮರೆತಿದ್ದಳು. ಫಕ್ಕೀರಸಾಬ ಸೀಟಿ ಊದಿದ. ಆದರೆ ಅವನು ಸಂತೆ ಜನರ ನಡುವೆ ಹಿಂಬದಿಯಲ್ಲಿ ಸಿಕ್ಕಿಕೊಂಡಿದ್ದ. ಲಕ್ಕಪ್ಪ ಬಸ್ಸು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಬುಟ್ಟಿ ಎತ್ತಿಕೊಂಡು ಜಿಗಿದ. ಮುದುಕಿ ಆಗಲೇ ಹೊಲದ ದಾರಿ ಹಿಡಿದಿದ್ದಳು. ಅವಳಿಗೆ ಕಿವಿಯೂ ಮಂದ. "ಯವ್ವಾ, ನಿನ್ನ ಕೋಳಿ!" ಎಂದು ಕೂಗುತ್ತ ಲಕ್ಕಪ್ಪ ಅರ್ಧ ಫರ್ಲಾಂಗು ಓಡಿದ. ಬುಟ್ಟಿ ಕೊಟ್ಟು, ಆಶೀರ್ವಾದ ಮಾಡಿಸಿಕೊಂಡು, ಅದೇ ವೇಗದಲ್ಲಿ ಓಡುತ್ತಲೇ ವಾಪಸು ಬಂದ. ಬಸ್ಸಿನವರು ಚಪ್ಪಾಳೆ ತಟ್ಟಿದರು.

ಬಾಗಿಲಲ್ಲಿ ಫಕ್ಕೀರಸಾಬ ನಿಂತಿದ್ದ. ಅವನ ಪಾದದ ಕಡೆಗೇ ನೋಡುತ್ತ ಕೇಳಿದ:

"ಕಾಲನೋವು ಈಗ ಹೆಂಗೈತ್ರಿ ಅಣ್ಣಾ?"

ಲಕ್ಕಪ್ಪ ಗಾಡಿ ಹತ್ತಿ ಇಂಜಿನ್ ಶುರು ಮಾಡಿದ. ಹಾವೇರಿಯ ತನಕ ಅವನ ಕಿವಿ ಬಿಸಿಯಾಗಿಯೇ ಇದ್ದವು. ಸ್ಟ್ಯಾಂಡಿನಲ್ಲಿ ಜನ ಇಳಿದ ಮೇಲೆ ಹೇಳಿದ:

"ಕಾಲು ಎಂದೋ ಆರಾಮಾಗೈತಿ ಫಕ್ಕೀರ. ನಡಿಯಾಕ ನಾಚಿಕಿ ಬಂತು. ಎರಡು ತಿಂಗಳು ಮಾಡಿದ್ದೆಲ್ಲ ಹೊಳ್ಯಾಗ ಹಾಕಿದಂಗಾತು. ಮತ್ತ ಮೊದಲಿಂದ ಶುರು ಮಾಡೂದು ಅಂದ್ರ ಜೀವ ಬರ್ಲಿಲ್ಲ."

ಫಕ್ಕೀರಸಾಬ ಚರ್ಮದ ಚೀಲದ ಒಳಜೇಬಿನಿಂದ ಒಂದು ಬೀಡಿ ಕಟ್ಟು ತೆಗೆದು ಇಂಜಿನ್ ಮುಚ್ಚಳದ ಮೇಲಿಟ್ಟ.

"ಇದೇನೋ? ಬಿಟ್ಟೇನಿ ಅಂದಿದ್ದಿಯಲ್ಲ!"

"ನೀವು ರಜಾ ಹಾಕಿದ ನಾಕನೇ ದಿನಕ್ಕ ಶುರು ಆತ್ರಿ. ನೀವು ಕಾಲು ನೋವು ಅಂತಿದ್ರಿ, ನಾ ಬಿಟ್ಟೇನಿ ಅಂತಿದ್ದೆ. ನಾ ಹೋಗಿ ಗ್ವಾಡಿ ಹಿಂದ ಸೇದಿ ಬರ್ತಿದ್ದೆ. ಸುತ್ತು ಹಾಕ್ತಿದ್ದೆ ಅಂತ ತಿಳ್ಕೊಂಡ್ರೇನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರು ಮಾಡಿದರು. ಲಕ್ಕಪ್ಪನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

"ಮೊನ್ನಿ ಪಂಚರ್ ಆಗಿ ಎರಡನೇ ಟ್ರಿಪ್ ತಪ್ಪಿತಲ್ರಿ," ಫಕ್ಕೀರಸಾಬ ಉಸಿರು ಹಿಡಿದು ಹೇಳಿದ. "ಅದಕ್ಕಂತ ಮೂರನೇದ್ದು ಬಿಟ್ಟಿವೇನು? ಟೈಮಿಗೆ ಹೊಂಟಿವಿ."

"ಹಂಗಾರ ಇಳಿ. ಇವತ್ತ ಎರಡು ಸುತ್ತು. ಆರು ಬ್ಯಾಡ, ಎರಡ ಸಾಕು."

ಬೀಡಿ ಕಟ್ಟು ಸ್ಟ್ಯಾಂಡಿನ ಗಟಾರ ಸೇರಿತು.

ಈ ಸಲ ಅವರು ಹಟ ಹಿಡಿಯಲಿಲ್ಲ. ಮಳೆ ಬಂದರೆ ಛಾವಣಿಯ ಕೆಳಗೇ ಆ ತುದಿಯಿಂದ ಈ ತುದಿಗೆ ನಡೆದರು. ಬಸ್ಸು ತಡವಾಗಿ ಬಂದು ಹತ್ತೇ ನಿಮಿಷ ಸಿಕ್ಕರೆ ಹತ್ತು ನಿಮಿಷ ನಡೆದರು. ಲಕ್ಕಪ್ಪ ಒಂದು ದಿನ ಪೇಢೆ ತಿಂದರೆ ತಿಂದೆ ಎಂದು ಹೇಳುತ್ತಿದ್ದ. ಫಕ್ಕೀರಸಾಬ ಒಂದು ಬೀಡಿ ಸೇದಿದರೆ ಸೇದಿದೆ ಎನ್ನುತ್ತಿದ್ದ. ಹೇಳಬೇಕಲ್ಲ ಎಂಬ ಬೇಸರಕ್ಕೇ ಎರಡೂ ಕಡಿಮೆಯಾದವು.

ದೇವವ್ವನಿಗೂ ಲಕ್ಕಪ್ಪ ಈ ಬಾರಿ ಸರಿಯಾಗಿ ಕುಳಿತು ಎಲ್ಲ ಹೇಳಿದ. ಕಣ್ಣು ಹೋದರೆ ಬಸ್ಸು ಹೋಗುತ್ತದೆ ಎಂದಾಗ ಅವಳು ಮಿರ್ಚಿ ಕರಿಯುವ ಜಾಲರಿ ಕೆಳಗಿಟ್ಟಳು. ಮರುದಿನ ಕಿಟಕಿಯೊಳಗೆ ಬಂದ ಪೇಪರಿನ ಪೊಟ್ಟಣದಲ್ಲಿ ಮೊಳಕೆ ಹೆಸರಿನ ಉಸುಳಿ ಇತ್ತು. ಮೇಲೆ ಸಣ್ಣಗೆ ಹೆಚ್ಚಿದ ಸೌತೆಕಾಯಿ. ಹಾಗೆಯೇ ಮಾರಾಟಕ್ಕೂ ಒಂದು ಬೋಗುಣಿ ಮಾಡಿ ಇಟ್ಟು ನೋಡಿದಳು. ಮಿರ್ಚಿಯ ಪಕ್ಕದಲ್ಲಿದ್ದ ಉಸುಳಿಯನ್ನು ಯಾರು ಕೇಳುತ್ತಾರೆ? ವಾರದಲ್ಲಿ ಇಬ್ಬರು ತಿಂದರು. ಅವಳು ಮಾರುವುದನ್ನು ಬಿಟ್ಟಳು, ತಮ್ಮನಿಗೆ ಮಾಡುವುದನ್ನು ಬಿಡಲಿಲ್ಲ.

ಮೆಣಸಿನಕಾಯಿ ಸುಗ್ಗಿ ಬಂದು ಬ್ಯಾಡಗಿಯ ಗಾಳಿಯೆಲ್ಲ ಘಾಟಾದಾಗ ಲಕ್ಕಪ್ಪ ಸೀನುತ್ತಲೇ ಉಸುಳಿ ತಿಂದ. ಆರು ತಿಂಗಳಿಗೆ ಹೋಗಬೇಕಾದ ಡಾಕ್ಟರರ ಹತ್ತಿರ ಹೆದರಿಕೆಯಿಂದ ಎಂಟನೆಯ ತಿಂಗಳಿಗೆ ಹೋದ. ದುರಗವ್ವನೂ ಜೊತೆಗೆ ಬಂದಿದ್ದಳು. ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿದರು.

"ಛಲೋ ಇಳದೈತಿ. ಪೂರಾ ಅಲ್ಲ, ಆದ್ರ ಛಲೋ ಇಳದೈತಿ. ಕಣ್ಣಿಗೆ ಏನೂ ಆಗಿಲ್ಲ."

"ಮತ್ತ ಇನ್ನ ಎಷ್ಟು ದಿನ ನಡೀಬೇಕ್ರಿ?" ಲಕ್ಕಪ್ಪ ಆಸೆಯಿಂದ ಕೇಳಿದ.

"ನೀ ಎಷ್ಟು ದಿನ ಬಸ್ ಓಡಿಸಬೇಕಂತಿ?"

"ರಿಟೈರ್ ಆಗೂತನಕ."

"ಹಂಗಾರ ಅಲ್ಲಿತನಕ ಬಸ್ಸಿನ ಸಲುವಾಗಿ ನಡಿ. ಆಮ್ಯಾಲೆ ಈಕಿ ಸಲುವಾಗಿ ನಡಿ," ಎಂದರು ಡಾಕ್ಟರು. ದುರಗವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು.

ಯುಗಾದಿ ಮುಗಿದ ವಾರ ಡ್ಯೂಟಿ ಪಟ್ಟಿ ಬದಲಾಯಿತು. ಫಕ್ಕೀರಸಾಬನನ್ನು ಕುಪ್ಪೇಲೂರು ಕಡೆಯ ಬಸ್ಸಿಗೆ ಹಾಕಿದರು. ಲಕ್ಕಪ್ಪನ ಬಸ್ಸಿಗೆ ಮಹಮ್ಮದಗೌಸ ಎಂಬ ಹೊಸ ಕಂಡಕ್ಟರ್ ಬಂದ. ಮಾತು ಕಡಿಮೆ, ಟಿಕೆಟ್ ಹರಿಯುವುದು ಚುರುಕು. ಹಾವೇರಿಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಮಹಮ್ಮದಗೌಸ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಮುಖಕ್ಕೆ ಟವೆಲ್ಲು ಹಾಕಿಕೊಂಡ. ಲಕ್ಕಪ್ಪನಿಗೂ ಸೀಟು ಬಿಟ್ಟು ಏಳುವ ಮನಸ್ಸಾಗಲಿಲ್ಲ. ಇವತ್ತು ಕೇಳುವವರಿಲ್ಲ, ಹೇಳುವ ಕೆಲಸವೂ ಇಲ್ಲ ಎಂದು ಸ್ಟೇರಿಂಗಿನ ಮೇಲೆ ಗದ್ದವಿಟ್ಟು ಕುಳಿತ. ಐದು ನಿಮಿಷ ಹಾಗೆಯೇ ಹೋಯಿತು. ಕಾಲುಗಳು ಮಾತ್ರ ಸುಮ್ಮನಿರಲಿಲ್ಲ. ಏನೋ ಮರೆತವನ ಹಾಗೆ ಅತ್ತಿತ್ತ ಆಡುತ್ತಿದ್ದವು.

ಅವನು ಟೊಪ್ಪಿಗೆ ತೆಗೆದು ತಲೆಗೆ ಟವೆಲ್ಲು ಸುತ್ತಿಕೊಂಡು ಕೆಳಗಿಳಿದ. ಬಾಗಿಲಲ್ಲಿ ನಿಂತು, ಕೇಳುವವರು ನಾಲ್ಕೇ ಜನರಿದ್ದರೂ ಗಂಟಲೆತ್ತಿ ಹೇಳಿದ: "ಎಲ್ಲಾರೂ ಕುಂದ್ರಿ, ಅರ್ಧ ತಾಸಿಗೆ ಬರ್ತೀನಿ!"

ಹೇಳಿ, ಗೋಡೆಯ ನೆರಳು ಇದ್ದ ಕಡೆಯಿಂದ ನಡೆಯಲು ಶುರು ಮಾಡಿದ.