ಬೇಸ್ ಗಿಟಾರಿಗೆ ಹೊಸ ಬ್ರಿಡ್ಜ್

ಪಾರ್ಶ್ವವಾಯು ಬಡಿದ ಮೇಲೆ ಅವನ ಎಡಗೈಯಲ್ಲಿ ಎರಡು ಬೆರಳು ಮಾತ್ರ ಮಾತು ಕೇಳುತ್ತಿದ್ದವು. ಉಂಗುರದ ಬೆರಳು, ಕಿರುಬೆರಳು ಇದ್ದೂ ಇಲ್ಲದಂತೆ. ಮದುವೆ ಮನೆಗಳಲ್ಲಿ, ಹೋಟೆಲುಗಳಲ್ಲಿ ಬೇಸ್ ಗಿಟಾರು ನುಡಿಸಿ ಬದುಕಿದವನು ಅವನು. ತಂಡದವರು ಒಂದಷ್ಟು ಕಾಲ ಕಾದರು, ಆಮೇಲೆ ಬೇರೊಬ್ಬನನ್ನು ಸೇರಿಸಿಕೊಂಡರು. ಅವನು ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದ. ಮತ್ತೆ ಅದರ ಮಾತೆತ್ತಲಿಲ್ಲ.

ಹೆಂಡತಿಗೆ ಆ ಸದ್ದು ಬೇಕಿತ್ತು. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಮೊದಲೆಲ್ಲ ಅವನು ಪಕ್ಕದಲ್ಲಿ ಕೂತು ಅಭ್ಯಾಸ ಮಾಡುವಾಗ ಮೇಜು ನಡುಗಿ ಕತ್ತರಿ ಜಾರುತ್ತಿತ್ತು. 'ಸ್ವಲ್ಪ ಮೆಲ್ಲಗೆ ರೀ' ಎಂದು ಗೊಣಗುತ್ತಿದ್ದಳು. ಈಗ ಕತ್ತರಿ ಇಟ್ಟಲ್ಲೇ ಇರುತ್ತಿತ್ತು.

ತಂಡದಲ್ಲಿ ಡ್ರಮ್ ಬಾರಿಸುವ ಗೆಳೆಯ ನೋಡಲು ಬಂದಾಗ, ಅವನನ್ನು ಕಳಿಸಲು ಬಾಗಿಲವರೆಗೆ ಹೋಗಿ ಕೇಳಿದಳು. 'ಅಣ್ಣಾ, ಬಲ ಇಲ್ಲದ ಬೆರಳಲ್ಲಿ ಅದನ್ನ ನುಡಿಸೋಕೆ ಏನಾದ್ರೂ ದಾರಿ ಇದೆಯಾ?'

'ತಂತಿ ಮರಕ್ಕೆ ಹತ್ತಿರ ಇದ್ರೆ ಒತ್ತೋದು ಸುಲಭ ತಂಗಿ. ತಂತಿ ಹೊತ್ತಿರೋ ಇವನ ಬ್ರಿಡ್ಜ್ ತುಕ್ಕು ಹಿಡಿದು ಕೂತಿದೆ, ತಗ್ಗಿಸೋಕೆ ಬರಲ್ಲ. ಹೊಸದು ಹಾಕ್ಬೇಕು.'

ಕೆಲವು ದಿನಗಳಲ್ಲಿ ಆ ಗೆಳೆಯನೇ ಒಂದು ತಂದುಕೊಟ್ಟ. ಅಂಗೈಯಗಲದ ಲೋಹದ ತಟ್ಟೆ, ಅದರ ಮೇಲೆ ತಂತಿಗಳು ಕೂರುವ, ತಿರುಪಿನಿಂದ ಏರಿಳಿಸಬಹುದಾದ ಪುಟ್ಟ ಪುಟ್ಟ ದಿಂಬುಗಳು.

ಮಧ್ಯಾಹ್ನ ಅವಳು ಪೆಟ್ಟಿಗೆ ಎಳೆದು, ಹೊಲಿಗೆ ಮೇಜಿಗೆ ದಪ್ಪ ಬಟ್ಟೆ ಹಾಸಿ ಗಿಟಾರನ್ನು ಮಲಗಿಸಿದಳು. ಅವನು ನೋಡಿದ.

'ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಬೆರಳಿಲ್ಲದವನು ಬ್ರಿಡ್ಜ್ ಸರಿಯಿಲ್ಲ ಅನ್ಬೇಕಾ?'

'ಮೊದ್ಲು ನೆಲ ಸರಿ ಮಾಡೋಣ. ಕುಣಿತ ಆಮೇಲೆ ನೋಡಿದ್ರಾಯ್ತು.'

ತಂತಿ ಬಿಚ್ಚಿದಳು. ತುಕ್ಕು ಹಿಡಿದ ಸ್ಕ್ರೂಗಳಿಗೆ ಮೆಷಿನ್ ಎಣ್ಣೆ ಬಿಟ್ಟು ಕಾದು, ಒಂದೊಂದಾಗಿ ತಿರುಗಿಸಿದಳು. ಹಳೆಯ ಬ್ರಿಡ್ಜ್ ಎದ್ದಾಗ ಅದರಡಿಯ ಬಣ್ಣ ಮಾಸದೆ ಕಡುಗೆಂಪಾಗಿ ಉಳಿದಿತ್ತು. ಅವನು ಕುರ್ಚಿ ಹತ್ತಿರ ಎಳೆದುಕೊಂಡು ಆ ಜಾಗವನ್ನು ಸವರಿದ.

'ತಂದಾಗ ಪೂರ್ತಿ ಹೀಗೇ ಇತ್ತು' ಎಂದ.

ಹೊಸದನ್ನು ಹಳೆಯ ತೂತುಗಳಿಗೇ ಹೊಂದಿಸಿ ಬಿಗಿದಳು. ತಂತಿ ಏರಿಸಿ, ಅವನು ಹೇಳಿದಷ್ಟು ದಿಂಬುಗಳನ್ನು ತಗ್ಗಿಸಿದಳು. ಸ್ಪೀಕರಿಗೆ ಜೋಡಿಸಿದರೆ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್ ಎನ್ನತೊಡಗಿತು.

'ಬ್ರಿಡ್ಜ್ ಅಡಿ ತೆಳ್ಳನೆ ವೈರ್ ಒಂದಿತ್ತಲ್ಲ, ಏನ್ಮಾಡ್ದೆ?'

'ಬಿಟ್ಟುಹೋದ ದಾರದ ತುದಿ ಥರ ಕಾಣ್ತು. ತೂತಿನೊಳಗೆ ತಳ್ಬಿಟ್ಟೆ.'

ಎಷ್ಟೋ ತಿಂಗಳ ಮೇಲೆ ಅಂದು ಅವನು ಮನಸಾರೆ ನಕ್ಕ. 'ದರ್ಜಿ ಬುದ್ಧಿ ಬಿಡಲ್ಲ ನೋಡು. ಅದು ಲೋಹಕ್ಕೆ ತಾಗ್ಬೇಕು ಕಣೇ, ಇಲ್ದಿದ್ರೆ ಹೀಗೇ ಕೂಗುತ್ತೆ.'

ಮತ್ತೆ ಎಲ್ಲ ಬಿಚ್ಚಿ, ವೈರನ್ನು ಸೂಜಿಯಿಂದ ಹೊರಗೆಳೆದು ತಟ್ಟೆಯಡಿ ಹಾಸಿ ಬಿಗಿದಳು. ಗುಂಯ್‌ಗುಡುವುದು ನಿಂತಿತು. ಅವನು ಶ್ರುತಿ ಮಾಡಿ, ನಿಧಾನದ ಹಾಡೊಂದನ್ನು ಶುರುಮಾಡಿದ. ಎರಡು ಬೆರಳಿಗೆ ತಂತಿ ಬಗ್ಗಿತು. ಸಾಲಿನ ಕೊನೆಯ ಸ್ವರಕ್ಕೆ ಕಿರುಬೆರಳು ಬೇಕಿತ್ತು. ಅಲ್ಲಿ ನಿಂತ. ಮತ್ತೆ ನುಡಿಸಿ ಅಲ್ಲೇ ನಿಂತ.

'ಸಾಕು. ಒಳಗಿಡು.'

ಅವಳು ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು. 'ಆ ಸ್ವರಕ್ಕೆ ಎಲ್ಲಿ ಒತ್ತಬೇಕು, ತೋರಿಸಿ.'

'ಬೆರಳು ನೋಯುತ್ತೆ ನಿಂಗೆ.'

'ಸೂಜಿಗೇ ಹೆದರಿಲ್ಲ ಇದು.'

ಅವನು ಸಾಲನ್ನು ಮತ್ತೆ ನುಡಿಸಿದ, ಕೊನೆಗೆ ಅವನು ತೋರಿಸಿದ ಕಡೆ ಅವಳು ಒತ್ತಿದಳು. ಅವಳ ಸ್ವರ ಒಂದು ಚೂರು ತಡವಾಗಿ ಬಂತು. ಅವನು ಕಾದ. ಅಂತೂ ಒಂದು ಸಾಲು ಮುಗಿಯಿತು.

ಅಂದಿನಿಂದ ಮಧ್ಯಾಹ್ನದ ಊಟ ಮುಗಿದ ಮೇಲೆ ಹೀಗೆ ಕೂರುವುದು ರೂಢಿಯಾಯಿತು. ಒಂದು ದಿನ ಅವಳು, ಮೊದಲು ಜನರನ್ನೆಲ್ಲ ಎಬ್ಬಿಸಿ ಕುಣಿಸುತ್ತಿದ್ದ ಆ ವೇಗದ ಹಾಡು ನುಡಿಸೋಣವೇ ಎಂದು ಕೇಳಿದಳು.

'ಅದು ನಿನ್ ಕೈಲೂ ಆಗಲ್ಲ, ನನ್ ಕೈಲೂ ಆಗಲ್ಲ' ಎಂದ. ಗಿಟಾರನ್ನು ಪಕ್ಕಕ್ಕಿಟ್ಟು, 'ಹೇಗಿತ್ತು ಅಂತ ಬಾಯಲ್ಲಿ ಹೇಳ್ತೀನಿ, ಕೇಳು' ಎಂದ.

ಕಣ್ಣು ಮುಚ್ಚಿ ದುಂ ದುಂ ಎಂದು ಮೊದಲಿಂದ ಕೊನೆಯವರೆಗೆ ಹಾಡಿದ. ಹೊರಗೆ ಯಾರೋ ಹೊಲಿಗೆಗೆ ಬಂದು ಬಾಗಿಲು ತಟ್ಟುತ್ತಿದ್ದರು. ಅವಳು ಏಳಲಿಲ್ಲ.